ಶಾಲೆಯ ದಾರಿಯಲ್ಲಿ ಹದಿನಾಲ್ಕು ಮನೆಗಳು

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಆರೂಮುಕ್ಕಾಲು ಗಂಟೆ. ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಹಟ್ಟಿಯ ಹಿಂಬದಿ. ಅಡಕೆ ಮರಗಳ ತಲೆಯ ಮೇಲೆ ಮಂಜು ಇನ್ನೂ ಕುಳಿತಿದೆ. ಎದುರಿಗೆ ಮುರಕಲ್ಲಿನ ಕಟ್ಟಪುಣಿ, ಅಂದರೆ ಬದು. ಅದರ ನಡುವೆ ಒಂದು ತಡಮ್ಮೆ, ದನ ನುಗ್ಗದಂತೆ ತಡೆದು ಮನುಷ್ಯರು ಮಾತ್ರ ದಾಟುವ ಜಾಗ. ತಡಮ್ಮೆಯ ಆಚೆ ಒಂದು ಕಾಲುದಾರಿ ಇದೆ. ಮೊನ್ನೆಯವರೆಗೂ ಅದು ಕಾಣುತ್ತಿರಲಿಲ್ಲ. ಕಮ್ಯುನಿಸ್ಟ್ ಗಿಡದ ಪೊದೆ ಆಳೆತ್ತರಕ್ಕೆ ಬೆಳೆದು ಮುಚ್ಚಿಬಿಟ್ಟಿತ್ತು. ಈ ವಿಡಿಯೋಕ್ಕಾಗಿಯೇ ಅಪ್ಪ ಎರಡು ದಿನ ಕತ್ತಿ ಹಿಡಿದು ಸವರಿದ್ದಾರೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿ, ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ. ಹೋದ ತಿಂಗಳು ಜಾಗದ ಯಾವುದೋ ದಾಖಲೆ ಹುಡುಕುವಾಗ ಅಜ್ಜನ ಮರದ ಪೆಟ್ಟಿಗೆ ತೆರೆದೆವು. ಬೇಕಾದ ಕಾಗದ ಸಿಗಲಿಲ್ಲ. ಆದರೆ ಒಂದೇ ಲಕೋಟೆಯಲ್ಲಿ ಮೂರು ಶಾಲಾ ವರ್ಗಾವಣೆ ಪತ್ರಗಳು ಸಿಕ್ಕಿದವು. ಒಂದು ಅಜ್ಜನದು, 1956ರ ಬೇಸಗೆಯದು, ಐದನೇ ತರಗತಿ ಮುಗಿಸಿದಾಗ ಕೊಟ್ಟದ್ದು. ಎರಡನೆಯದು ಅಪ್ಪನದು, 1983ರದು. ಮೂರನೆಯದು ನನ್ನದು, 2008ರದು. ಜಿಲ್ಲೆ ಎಂಬ ಕಡೆ ಅಜ್ಜನ ಪತ್ರದಲ್ಲಿ ದಕ್ಷಿಣ ಕನ್ನಡ, ಅಪ್ಪನದರಲ್ಲಿ ಕಣ್ಣೂರು, ನನ್ನದರಲ್ಲಿ ಕಾಸರಗೋಡು. ಮೂವರೂ ಬೆಳೆದದ್ದು ಇದೇ ಮನೆಯಲ್ಲಿ, ಕಲಿತದ್ದು ಒಂದೇ ಶಾಲೆಯಲ್ಲಿ. ಅಜ್ಜ ಐದನೇ ತರಗತಿ ಮುಗಿಸುವಾಗ ನಾವು ಮದರಾಸು ರಾಜ್ಯದಲ್ಲಿದ್ದೆವು. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೇರಳಕ್ಕೆ ಸೇರಿದೆವು. 1984ರ ಮೇ 24ರಂದು ಕಣ್ಣೂರಿನಿಂದ ಬೇರೆಯಾಗಿ ಕಾಸರಗೋಡು ಜಿಲ್ಲೆಯಾಯಿತು.

ಆ ಮೂರು ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಕುಳಿತಿದ್ದಾಗ ಅಣ್ಣನ ಮಗಳು ಪುಟ್ಟಿ ಬಂದು ಕೇಳಿದಳು, "ಅತ್ತೆ, ಇವರೆಲ್ಲ ಶಾಲೆಗೆ ಹೋದದ್ದು ಯಾವ ವ್ಯಾನಿನಲ್ಲಿ?"

ಆ ಪ್ರಶ್ನೆಯೇ ಇವತ್ತಿನ ವಿಡಿಯೋ. ಪುಟ್ಟಿ ಐದನೇ ತರಗತಿ. ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಬೆಳಗ್ಗೆ ಏಳೂ ಐವತ್ತಕ್ಕೆ ಗೇಟಿಗೆ ಬರುತ್ತದೆ, ಸಂಜೆ ಅದೇ ಗೇಟಿಗೆ ಇಳಿಸುತ್ತದೆ. ಈ ತಡಮ್ಮೆಯನ್ನು ಅವಳು ಒಮ್ಮೆಯೂ ದಾಟಿಲ್ಲ. ಇವತ್ತು ಭಾನುವಾರ. ಅಜ್ಜ, ಅಪ್ಪ, ನಾನು, ಪುಟ್ಟಿ, ನಾಲ್ವರೂ ಹೊರಟಿದ್ದೇವೆ. ಅಜ್ಜನಿಗೆ ಎಂಬತ್ತಕ್ಕೆ ಒಂದು ಕಡಿಮೆ. ಕೈಯಲ್ಲಿ ಊರುಗೋಲು ಇದೆ, ಆದರೆ ಮುಂದೆ ಹೋಗುತ್ತಿರುವವರು ಅವರೇ. ಕ್ಯಾಮೆರಾ ಹಿಡಿದು ಹಿಂದೆ ಏದುಸಿರು ಬಿಡುತ್ತಿರುವುದು ನಾನು.

ಮೊದಲು ಸಿಗುವುದು ತೋಡು, ಅಂದರೆ ಸಣ್ಣ ಹಳ್ಳ. ಈಗ ಇಲ್ಲಿ ಕಾಂಕ್ರೀಟಿನ ಮೋರಿ ಇದೆ. ಅಜ್ಜನ ಕಾಲಕ್ಕೆ ಮೂರು ಅಡಕೆ ಮರ ಜೋಡಿಸಿ ಬಳ್ಳಿಯಲ್ಲಿ ಕಟ್ಟಿದ ಸಂಕವಿತ್ತು. ಆಟಿಯ, ಅಂದರೆ ಜುಲೈ-ಆಗಸ್ಟಿನ ಮಳೆಗೆ ಸಂಕ ಕೊಚ್ಚಿಕೊಂಡು ಹೋದರೆ ಶಾಲೆಗೆ ರಜೆ. ಹಾಗೆ ರಜೆ ಸಿಕ್ಕಿದಾಗ ಸಂತೋಷವಾಗುತ್ತಿತ್ತೇ ಎಂದು ಪುಟ್ಟಿ ಕೇಳಿದಳು. ಅಜ್ಜ ತಲೆ ಅಲ್ಲಾಡಿಸಿದರು. "ಶಾಲೆ ಇಲ್ಲದ ದಿನ ತೋಟದ ಕೆಲಸ ಇರುತ್ತಿತ್ತು ಮಗಾ. ಗೊಬ್ಬರ ಹೊರಬೇಕು, ಸೊಪ್ಪು ತರಬೇಕು. ನಮಗೆ ಶಾಲೆಯೇ ರಜೆ."

ಅಜ್ಜನ ಬಾಲ್ಯವನ್ನು ಯಾರಾದರೂ ಚಿನ್ನದ ಕಾಲ ಎಂದರೆ ನಾನು ಒಪ್ಪುವುದಿಲ್ಲ. ಎಂಟು ಮಕ್ಕಳಲ್ಲಿ ಉಳಿದವರು ಐವರು. ಕಾಲಿಗೆ ಚಪ್ಪಲಿ ಬಂದದ್ದು ಮದುವೆಯ ವರ್ಷ. ಮಳೆಗಾಲದಲ್ಲಿ ತಲೆಗೆ ಓಲೆಕೊಡೆ, ಎದೆಗವಚಿಕೊಂಡ ಸ್ಲೇಟು, ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ. ಬುತ್ತಿ ಇಲ್ಲದ ದಿನ ಶಾಲೆಯ ಬಾವಿಯ ನೀರು.

ಆದರೆ ಅವರಿಗೆ ಇದ್ದದ್ದು ಈ ದಾರಿ. ಅದನ್ನು ನಾನು ಇವತ್ತೇ ಸರಿಯಾಗಿ ತಿಳಿದುಕೊಂಡೆ.

ಎರಡು ಮೈಲಿ ದಾರಿ. ಅಜ್ಜ ಬೆರಳು ಮಡಚುತ್ತ ಮನೆಗಳನ್ನು ಎಣಿಸಿದರು. ಒಟ್ಟು ಹದಿನಾಲ್ಕು. ಮೊದಲ ಎರಡು ಮನೆಗಳಲ್ಲಿ ತುಳು. ಗುಡ್ಡದ ತಪ್ಪಲಿನಲ್ಲಿ ಮರಾಟಿ ನಾಯ್ಕರ ಮನೆ. ಅದರಾಚೆ ಕರಾಡ ಭಾಷೆಯ ಒಂದು ಮನೆ. ಪಾರೆ ಎಂಬ ಕಲ್ಲುಹಾಸಿನ ಬಯಲಿಗೆ ಹತ್ತುವಲ್ಲಿ ಮಲಯಾಳ ಮಾತನಾಡುವ ಮಣಿಯಾಣಿಯವರದು. ಇಳಿದರೆ ಕೊಂಕಣಿ ಮಾತನಾಡುವ ಕ್ರೈಸ್ತರ ಮನೆ. ಶಾಲೆಗೆ ಸ್ವಲ್ಪ ಮುಂಚೆ ಬ್ಯಾರಿಯವರ, ಅಂದರೆ ಬ್ಯಾರಿ ಭಾಷೆಯ ಮುಸ್ಲಿಮರ ಅಂಗಡಿ, ಅಂಗಡಿಯ ಹಿಂದೆಯೇ ಅವರ ಮನೆ. ಪ್ರತಿ ಅಂಗಳದಿಂದಲೂ ಒಬ್ಬಿಬ್ಬರು ಮಕ್ಕಳು ಸೇರಿಕೊಳ್ಳುತ್ತ ಶಾಲೆ ಮುಟ್ಟುವ ಹೊತ್ತಿಗೆ ಇಪ್ಪತ್ತು ಮಕ್ಕಳ ದಂಡು. ಕರೆಯಲು ಹೋದವನು ಆ ಮನೆಯ ಮಾತಿನಲ್ಲೇ ಕರೆಯಬೇಕು, ಏಕೆಂದರೆ ಒಳಗಿದ್ದ ಮುದುಕಿಗೆ ಬೇರೆ ಮಾತು ಬಾರದು.

ಅಜ್ಜನಿಗೆ ಇವತ್ತಿಗೂ ಆರು ಭಾಷೆ ಸಲೀಸಾಗಿ ಬರುತ್ತದೆ. ಓದಲು ಬರೆಯಲು ಬರುವುದು ಕನ್ನಡ ಮಾತ್ರ. "ಕೊಂಕಣಿಯನ್ನು ನನಗೆ ಕಲಿಸಿದ್ದು ಆ ಮನೆಯ ನಾಯಿ," ಎಂದರು ಅಜ್ಜ. "ಅದು ದಾರಿಗೆ ಅಡ್ಡ ಮಲಗುತ್ತಿತ್ತು. ಕೊಂಕಣಿಯಲ್ಲಿ ಗದರಿದರೆ ಮಾತ್ರ ಏಳುತ್ತಿತ್ತು." ಪುಟ್ಟಿ ಆ ಗದರಿಕೆಯನ್ನು ಮೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದಾಳೆ.

ಬ್ಯಾರಿಯವರ ಮನೆಯ ಉಮ್ಮನ, ಅಂದರೆ ಆ ಮನೆಯ ಅಮ್ಮನ ಬಗ್ಗೆ ಹೇಳುವಾಗ ಅಜ್ಜನ ಧ್ವನಿ ಬದಲಾಯಿತು, ನೀವೂ ಕೇಳಿರುತ್ತೀರಿ. ಬಿಸಿಲಿನಲ್ಲಿ ಬಂದ ಮಕ್ಕಳಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಇಡುತ್ತಿದ್ದರಂತೆ. ಮಡಿ ಮೈಲಿಗೆ ಬಿಗಿಯಾಗಿದ್ದ ಕಾಲ. ಕುಡಿದದ್ದು ಮನೆಯಲ್ಲಿ ತಿಳಿದರೆ ಪೆಟ್ಟು. "ಐದು ವರ್ಷ ಕುಡಿದೆ. ಮನೆಯಲ್ಲಿ ಹೇಳಲೇ ಇಲ್ಲ," ಎಂದರು. ಇದನ್ನು ಅವರ ಮಗನಾದ ಅಪ್ಪನೂ ಇವತ್ತೇ ಮೊದಲ ಸಲ ಕೇಳಿದ್ದು.

ಈಗ ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕತ್ತಲ ಬಾಯಿ ಕಾಣುತ್ತಿದೆಯಲ್ಲ, ಇದು ಸುರಂಗ. ಹೊರಗಿನವರಿಗೆ ಗುಹೆಯಂತೆ ಕಾಣಬಹುದು. ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ಒಳಗಿನ ಒರತೆಯನ್ನು ಹೊರಗೆ ತರುವ ವ್ಯವಸ್ಥೆ ಇದು. ಪಂಪು ಬೇಡ, ಹಗ್ಗ ರಾಟೆ ಬೇಡ. ನೀರು ತಾನಾಗಿ ಇಳಿದು ಬರುತ್ತದೆ. ಒಬ್ಬ ಮನುಷ್ಯ ತಲೆ ಬಗ್ಗಿಸಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಅಜ್ಜನ ಅಪ್ಪ ಇದನ್ನು ಕೊರೆಯಿಸುವಾಗ ಅಜ್ಜನಿಗೆ ಒಂಬತ್ತು ವರ್ಷ. ಎರಡು ಬೇಸಗೆ ರಜೆ ಪೂರ್ತಿ ಬುಟ್ಟಿಯಲ್ಲಿ ಮಣ್ಣು ಹೊರುವುದೇ ಕೆಲಸ. ಒಳಗೆ ಪಿಕ್ಕಾಸಿನ ಸದ್ದು, ಕೊನೆಯಲ್ಲಿ ಒಂದು ದೀಪ. ದೀಪ ಸಣ್ಣದಾದರೆ ಉಸಿರಿಗೆ ಗಾಳಿ ಸಾಲದು ಎಂದು ಅರ್ಥ, ತಕ್ಷಣ ಹೊರಗೆ ಬರಬೇಕು. ಒಂಬತ್ತು ವರ್ಷದ ಹುಡುಗನಿಗೆ ಆ ದೀಪದ ಮೇಲೆ ಕಣ್ಣಿಡುವ ಜವಾಬ್ದಾರಿ ಕೊಟ್ಟಿದ್ದರು.

ಪುಟ್ಟಿ ಒಳಗೆ ನಾಲ್ಕು ಹೆಜ್ಜೆ ಹೋದಳು. ಗೋಡೆಯ ಮೇಲೆ ಪಿಕ್ಕಾಸಿನ ಗೀರುಗಳು ಇನ್ನೂ ಹಾಗೆಯೇ ಇವೆ, ಹತ್ತಿರದಿಂದ ತೋರಿಸುತ್ತೇನೆ ನೋಡಿ. ಓರೆಯಾಗಿ, ಒಂದರ ಕೆಳಗೆ ಒಂದು, ಬಾಚಣಿಗೆಯ ಹಲ್ಲಿನಂತೆ. ಅವಳು ಬೆರಳನ್ನು ಒಂದು ಗೀರಿನೊಳಗೆ ಇಟ್ಟು ಉದ್ದಕ್ಕೂ ಎಳೆದಳು. ಒಳಗಿನಿಂದ ಒಂದು ಬಾವಲಿ ಹಾರಿತು. ಅವಳು ಕಿರುಚಲಿಲ್ಲ, ಕುಳಿತುಬಿಟ್ಟಳು. ಬಾಯಿಯಲ್ಲಿ ಈಗಲೂ ಹೆಬ್ಬೆರಳು ಗಾತ್ರದ ನೀರು ಅಡಕೆ ಮರ ಸೀಳಿ ಮಾಡಿದ ದಂಬೆಯ ಮೇಲೆ ಹರಿಯುತ್ತದೆ. ಮನೆಯಲ್ಲಿ ಬೋರ್‌ವೆಲ್ ಬಂದು ಇಪ್ಪತ್ತು ವರ್ಷವಾಗಿದೆ. ಆದರೂ ಅಪ್ಪ ಪ್ರತಿವರ್ಷ ಈ ದಂಬೆ ಬದಲಾಯಿಸುತ್ತಾರೆ.

ಇಲ್ಲಿಂದ ಏರು. ಪಾರೆಯ ಮೇಲೆ ಬಂದಿದ್ದೇವೆ. ಇನ್ನು ಮುಂದಿನದು ಅಪ್ಪನ ಕತೆ. ಅವರು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆ ಮೌನವನ್ನು ನಾನು ಕತ್ತರಿಸಿಲ್ಲ.

ಅಪ್ಪನ ಬಾಲ್ಯಕ್ಕೆ ಸೌಕರ್ಯ ಹೆಚ್ಚು. ರಬ್ಬರಿನ ಚಪ್ಪಲಿ ಬಂದಿತ್ತು, ಬಟ್ಟೆಯ ಕೊಡೆ ಬಂದಿತ್ತು. ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದಿಂದ ಬಂದ ಗೋಧಿ ನುಚ್ಚಿನ ಸಜ್ಜಿಗೆ. ಅಡಕೆ ಹಾಳೆಯಲ್ಲಿ ಒಬ್ಬರನ್ನು ಕೂರಿಸಿ ಇದೇ ಪಾರೆಯ ಇಳಿಜಾರಿನಲ್ಲಿ ಎಳೆಯುವುದು. ಕೇಪುಳ ಹಣ್ಣು, ಕುಂಟಾಲ ಹಣ್ಣು ತಿಂದು ನಾಲಿಗೆ ನೀಲಿ. ಆಟಿಯಲ್ಲಿ ಹೊರಗೆ ಕಾಲಿಡಲಾಗದ ಮಳೆಗೆ ಚೆನ್ನೆಮಣೆ ಆಟ, ಜೊತೆಗೆ ಹುರಿದ ಸಾಂತಾಣಿ, ಅಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜ. ಜಗಲಿಯಲ್ಲಿ ದೊಡ್ಡವರು ಸೇರಿದರೆ ಚಂದ್ರಗಿರಿ ಹೊಳೆಯ ಮಾತು. ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತ್ತು. ಅಪ್ಪ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಹುಡುಗ. "ಇವತ್ತಲ್ಲ ನಾಳೆ ಸೇರುತ್ತೇವೆ ಎಂದೇ ಎಲ್ಲರ ಮಾತು ಮುಗಿಯುತ್ತಿತ್ತು," ಎಂದರು.

ಎದುರಿಗೆ ಕಾಣುವ ಗುಡ್ಡಗಳನ್ನು ನೋಡಿ. ಒಂದು ಕಾಲಕ್ಕೆ ಅಲ್ಲೆಲ್ಲ ಗೇರುತೋಟ. ಹೂ ಬಿಡುವ ಕಾಲಕ್ಕೆ ಎಳೆಯ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ ಬರುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವರ್ಷಕ್ಕೆ ಎರಡು ಮೂರು ಬಾರಿ. ತೋಟ ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆ ಶಾಲೆ ತೋಡು ಎಲ್ಲ ಕೆಳಗಿನ ಕಣಿವೆಯಲ್ಲಿ. ಬಾವಿ ಮುಚ್ಚಿಡಿ ಎಂದು ಹೇಳಿದ್ದರಂತೆ. ಈಗಷ್ಟೇ ಆ ಸುರಂಗ ನೋಡಿದಿರಲ್ಲ, ಗುಡ್ಡವೇ ಸೋರಿಸುವ ನೀರನ್ನು ಮುಚ್ಚುವುದು ಯಾವುದರಿಂದ? ಹರಿಯುವ ತೋಡನ್ನು ಮುಚ್ಚುವುದು ಹೇಗೆ?

ಅಪ್ಪ ಆಗ ಮೂರನೇ ತರಗತಿ. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಇಡೀ ಶಾಲೆ ಅಂಗಳಕ್ಕೆ ಓಡಿತು. ಮೇಷ್ಟ್ರೂ ಬಂದರು. ಊರಿನಲ್ಲಿ ಯಾರೂ ನೋಡಿರದ ವಸ್ತು. ಮರಗಳ ತಲೆಗೆ ತಾಗುವಂತೆ ಹೋಗುತ್ತಿತ್ತು, ಹಿಂದೆ ಬಿಳಿ ಹೊಗೆಯಂತಹ ಹನಿ.

"ನಾವು ಕೈ ಬೀಸಿದೆವು," ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಎಲ್ಲರೂ ಕೈ ಬೀಸಿದೆವು."

ಆ ವರ್ಷ ಅಜ್ಜನ ಜೇನುಪೆಟ್ಟಿಗೆಗಳು ಖಾಲಿಯಾದವು. ಮಕ್ಕಳ ವಿಷಯ ಅರ್ಥವಾಗಲು ವರ್ಷಗಳು ಬೇಕಾದವು. ನಾನು ಶಾಲೆಗೆ ಸೇರುವ ಹೊತ್ತಿಗೆ ಸಿಂಪಡಣೆ ನಿಂತಿತ್ತು. ಆದರೆ ನನ್ನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳತಿಗೆ ಒಬ್ಬ ತಮ್ಮನಿದ್ದ. ಅವನು ಈ ದಾರಿಯಲ್ಲಿ ಒಂದು ದಿನವೂ ನಡೆಯಲಿಲ್ಲ. ನಾವು ಕೂಗಿ ಕರೆಯುವಾಗ ಜಗಲಿಯ ಚಾಪೆಯ ಮೇಲೆ ಮಲಗಿರುತ್ತಿದ್ದ, ನಮ್ಮ ಸದ್ದು ಕೇಳಿ ನಗುತ್ತಿದ್ದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಆ ತೀರ್ಪು ಬರುವಾಗ ಅವನು ಇರಲಿಲ್ಲ. ಬಾಲ್ಯಗಳ ಲೆಕ್ಕ ಹಾಕುವಾಗ ನಾನು ಅವನನ್ನು ಬಿಡಲಾರೆ. ನಮ್ಮ ಕಾಲದ ಆಟ, ನಮ್ಮ ಕಾಲದ ಹಣ್ಣು ಎಂದು ಯಾರಾದರೂ ಉತ್ಸಾಹದಿಂದ ಹೇಳುವಾಗಲೆಲ್ಲ ನನಗೆ ಆ ಚಾಪೆ ನೆನಪಾಗುತ್ತದೆ.

ಆ ಮನೆ ಇಲ್ಲೇ ಎಡಗಡೆ ಬರುತ್ತದೆ. ಅದನ್ನು ತೋರಿಸುವುದಿಲ್ಲ.

ನನ್ನ ಬಾಲ್ಯದ್ದು ಹೆಚ್ಚೇನೂ ಹೇಳುವುದಕ್ಕಿಲ್ಲ. ಮಧ್ಯಾಹ್ನ ಗಂಜಿ, ಹೆಸರುಕಾಳಿನ ಪಲ್ಯ. ಮಾರ್ಚಿನಲ್ಲಿ ಗೇರುಬೀಜ ಹೆಕ್ಕಿ ಅಂಗಡಿಗೆ ಕೊಟ್ಟು ಬಂದ ದುಡ್ಡಿನಲ್ಲಿ ಜೂನಿನ ನೋಟುಪುಸ್ತಕ. ಹೈಸ್ಕೂಲಿನಲ್ಲಿ ಯಕ್ಷಗಾನ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಆ ನೆಪದಲ್ಲಿ ಗೆಜ್ಜೆ ಕಟ್ಟಿದವಳು ನಾನು. ಜೀಪು ಬಂದಿತ್ತು, ದಿನಕ್ಕೆ ನಾಲ್ಕು ಬಸ್ ಬಂದಿದ್ದವು. ಈ ದಾರಿಯಲ್ಲಿ ನಾವು ಏಳು ಮಕ್ಕಳು ನಡೆಯುತ್ತಿದ್ದೆವು. ನಾನು ಏಳನೇ ತರಗತಿಗೆ ಬರುವಾಗ ಉಳಿದವರು ಇಬ್ಬರು. ನನಗೆ ತುಳು ಬರುತ್ತದೆ, ಮಲಯಾಳ ಬರುತ್ತದೆ. ಬ್ಯಾರಿ ಅರ್ಥವಾಗುತ್ತದೆ, ಮಾತನಾಡಲು ಬಾರದು. ಕೊಂಕಣಿ, ಮರಾಟಿ, ಕರಾಡ ಯಾವುದೂ ಬಾರದು. ದಾರಿ ನನ್ನ ಕಾಲದಲ್ಲೇ ಸವೆಯತೊಡಗಿತ್ತು ಎಂಬುದು ಅಜ್ಜ ಬೆರಳು ಮಡಚಿ ಎಣಿಸುವಾಗ ತಿಳಿಯಿತು.

ಇನ್ನು ಪುಟ್ಟಿ. ಮೊಬೈಲು ಹಿಡಿದುಕೊಂಡೇ ಇರುತ್ತಾಳೆ ಎಂದು ಮನೆಗೆ ಬಂದವರೆಲ್ಲ ಅವಳಿಗೆ ಬೈಯುತ್ತಾರೆ. ಅವಳ ಕೈಗೆ ಅದನ್ನು ಕೊಟ್ಟವರು ನಾವು. ಕೊರೊನಾ ಬಂದು 2020ರ ಜೂನಿನಿಂದ ಪಾಠವೆಲ್ಲ ಮೊಬೈಲಿನಲ್ಲಿ. ಮನೆಯೊಳಗೆ ಸಿಗ್ನಲ್ ಇಲ್ಲ, ಹಾಗಾಗಿ ಅಣ್ಣ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಯ ಮೇಲಿನ ದಿಣ್ಣೆಗೆ ಹೋಗುತ್ತಿದ್ದ. ಟಾರ್ಪಾಲಿನ ಕೆಳಗೆ ಕುಳಿತು ಅಕ್ಷರ ಕಲಿತ ಮಗು ಅವಳು. ಅವಳ ಅಮ್ಮನ ತವರು ವಿಟ್ಲದ ಹತ್ತಿರ. ಸಾರಡ್ಕ ದಾಟಿದರೆ ಕರ್ನಾಟಕ. ಆ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರೇ ಇತ್ತ ಸಿಕ್ಕಿಕೊಂಡಿದ್ದರು, ಇನ್ನು ಮಗುವನ್ನು ಅಜ್ಜಿಮನೆಗೆ ಬಿಡುವವರು ಯಾರು? ನಾಲ್ಕು ವರ್ಷದ ಮಗು ಮಣ್ಣಿನ ರಾಶಿಯ ಚಿತ್ರ ನೋಡಿ, "ಇದನ್ನು ಹಾರೆಯಿಂದ ತೆಗೆಯಬಾರದಾ?" ಎಂದು ಕೇಳಿದ್ದಳು. ಅದೇ ರಸ್ತೆಯಲ್ಲಿ ಅಜ್ಜ ಎಂಟು ವರ್ಷದವರಿದ್ದಾಗ ತಮ್ಮ ಅಪ್ಪನ ಕೈ ಹಿಡಿದು ಪುತ್ತೂರು ಜಾತ್ರೆಗೆ ನಡೆದು ಹೋಗಿದ್ದರು. ಆಗ ಅದು ಒಂದೇ ಜಿಲ್ಲೆ.

ಅವಳು ನಿಜವಾದ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ನವೆಂಬರ್ 1ರಂದು. ಕೇರಳದಲ್ಲಿ ಶಾಲೆಗಳು ಮತ್ತೆ ತೆರೆದದ್ದು ಅವತ್ತು. ಅಜ್ಜ ಅವಳಿಗೆ ಮಾಸ್ಕ್ ಹಾಕಿಸುತ್ತ, "ಈ ತಾರೀಖು ನನಗೂ ನೆನಪಿದೆ," ಎಂದಿದ್ದರು. ಆಗ ನಾವು ಯಾರೂ ಗಮನಿಸಲಿಲ್ಲ.

ಪುಟ್ಟಿಯ ಬಾಲ್ಯದಲ್ಲಿ ನನಗೆ ಹೊಟ್ಟೆಕಿಚ್ಚು ತರುವ ಒಂದು ಸಂಗತಿ ಇದೆ. ಅವಳಿಗೆ ಹೆದರಿಕೆ ಇಲ್ಲ. ಅಜ್ಜ ತಮ್ಮ ಅಪ್ಪನ ಎದುರು ಕುಳಿತು ಮಾತನಾಡಿದವರೇ ಅಲ್ಲ. ಪುಟ್ಟಿ ಅಜ್ಜನ ಊರುಗೋಲು ಕಿತ್ತುಕೊಂಡು, "ಪಿಜ್ಜ, ನೀವು ಉಮ್ಮನ ಹತ್ತಿರ ನೀರು ಕುಡಿದದ್ದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ? ತಪ್ಪಲ್ಲ ತಾನೆ?" ಎಂದು ಕೇಳುತ್ತಾಳೆ. ಎಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಅಜ್ಜ ಅವಳ ತಲೆ ಸವರಿ, "ತಪ್ಪಲ್ಲ," ಎಂದರು.

ಶಾಲೆ ಮುಟ್ಟುವ ಹೊತ್ತಿಗೆ ಎಂಟೂಕಾಲು. ಗೇಟಿಗೆ ಬೀಗ. ಹೆಂಚಿನ ಕಟ್ಟಡ ಹೋಗಿ ತಾರಸಿ ಬಂದಿದೆ, ಬಾವಿ ಅದೇ. ದಾರಿಯಲ್ಲಿ ಬಾಗಿಲು ತೆರೆದಿದ್ದ ಮನೆಗಳನ್ನು ಪುಟ್ಟಿ ಎಣಿಸಿದ್ದಳು. ಐದು. ಮೂರರ ಜಾಗದಲ್ಲಿ ರಬ್ಬರು ತೋಟ, ಎರಡರಲ್ಲಿ ಗೋಡೆ ಮಾತ್ರ, ಉಳಿದವು ಬೀಗ ಹಾಕಿ ಗಲ್ಫಿಗೋ ಬೆಂಗಳೂರಿಗೋ ಹೋದವರದು. ಬ್ಯಾರಿಯವರ ಅಂಗಡಿ ಇದೆ. ಉಮ್ಮನ ಮೊಮ್ಮಗ ನಡೆಸುತ್ತಿದ್ದಾರೆ. ಅಜ್ಜ ಅಲ್ಲಿ ಬೆಂಚಿನ ಮೇಲೆ ಕುಳಿತು ಬ್ಯಾರಿಯಲ್ಲಿ ನೀರು ಕೇಳಿದರು. ನಾಲ್ಕು ಗ್ಲಾಸು ನಿಂಬೆ ಶರಬತ್ತು ಬಂತು. ಪುಟ್ಟಿ ಆ ಒಂದು ವಾಕ್ಯವನ್ನು ಅಜ್ಜ ಹೇಳಿದ ಹಾಗೆಯೇ ಹೇಳಿ ಇನ್ನೊಂದು ಗ್ಲಾಸು ತರಿಸಿಕೊಂಡಳು.

ಬರುವಾಗ ಜೀಪಿನಲ್ಲಿ ಬಂದೆವು, ಅಜ್ಜನ ಮೊಣಕಾಲು ಸೋತಿತ್ತು.

ಮನೆಯಲ್ಲಿ ಅಜ್ಜಿ ನೀರುದೋಸೆ ಮಾಡಿಟ್ಟು ಕಾಯುತ್ತಿದ್ದರು. ತೆಗೆದ ವಿಡಿಯೋವನ್ನೆಲ್ಲ ಮೊಬೈಲಿನಲ್ಲಿ ಹಾಗೆಯೇ ತೋರಿಸಿದೆ. ಸುರಂಗ ಬಂತು, ಪಾರೆ ಬಂತು, ಶಾಲೆಯ ಗೇಟು ಬಂತು. ಅಜ್ಜಿ ಮಾತಾಡಲಿಲ್ಲ. ಕೊನೆಗೆ, "ಇದು ಇವರ ದಾರಿ. ನನ್ನದು ಬಾಯಾರಿನಲ್ಲಿ," ಎಂದರು. ಬಾಯಾರು ಅಜ್ಜಿಯ ತವರು.

ಪೆಟ್ಟಿಗೆಯಲ್ಲಿ ಅಜ್ಜಿಯ ಪತ್ರ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹುಡುಕಬೇಕೆಂದೂ ನನಗೆ ಅನ್ನಿಸಿರಲಿಲ್ಲ. ನಾಲ್ಕನೇ ತರಗತಿ ಅರ್ಧವಾಗುವಾಗ ತಂಗಿ ಹುಟ್ಟಿದ್ದರಿಂದ ಅಜ್ಜಿಯನ್ನು ಶಾಲೆ ಬಿಡಿಸಿದರು. ಅದು ತಿಳಿದಿತ್ತು. ಆದರೆ ಆ ಮೂರೂವರೆ ವರ್ಷದ ದಾರಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದೆ. ಅಜ್ಜಿ ದೋಸೆಯ ಕಾವಲಿ ಕೆಳಗಿಟ್ಟು ಶುರುಮಾಡಿದರು. ಮೊದಲು ಒಂದು ನೇರಳೆ ಮರ, ಆಮೇಲೆ ನಾಗಬನ, ಬಲಗಡೆ ಹೊಲಿಗೆಯವನ ಮನೆ, ಅಲ್ಲಿ ಬಣ್ಣದ ಬಟ್ಟೆಯ ಚೂರು ಸಿಗುತ್ತಿತ್ತು, ಅದರಾಚೆ ಎರಡು ಕವಲು, ಎಡದ್ದು ಹತ್ತಿರ ಆದರೆ ಅಲ್ಲಿ ಎಮ್ಮೆ ಇರುತ್ತಿತ್ತು. ಒಂದೂ ತಪ್ಪದೆ ಶಾಲೆಯ ಬಾಗಿಲಿನವರೆಗೆ ಹೇಳಿದರು.

ಮುಂದಿನ ಭಾನುವಾರ ಬಾಯಾರಿಗೆ ಹೋಗುತ್ತಿದ್ದೇವೆ. ಬಿಸಿಲೇರುವ ಮೊದಲು ನಡೆದು ಮುಗಿಸಬೇಕು, ಆರು ಗಂಟೆಗೆ ಹೊರಡಬೇಕು ಎಂದು ಅಜ್ಜಿ ಈಗಲೇ ಹೇಳಿದ್ದಾರೆ. ಉಡುವ ಸೀರೆಯನ್ನೂ ತೆಗೆದಿಟ್ಟಾಗಿದೆ.